ಇವಿ ನಿಜಕ್ಕೂ ಹಸಿರಾ? ಗಣಿಯಿಂದ ಗುಜರಿವರೆಗಿನ ಲೆಕ್ಕ

#1 ಹಳೇಗಾಡಿ

ಎಲ್ಲರಿಗೂ ನಮಸ್ಕಾರ. ನನ್ನ ಪೆಟ್ರೋಲ್ ಕಾರಿಗೆ ಒಂಬತ್ತು ವರ್ಷ ಆಯಿತು. ಬದಲಾಯಿಸುವುದಾದರೆ ಇವಿಯನ್ನೇ (ಬ್ಯಾಟರಿಯಲ್ಲಿ ಓಡುವ ಎಲೆಕ್ಟ್ರಿಕ್ ಗಾಡಿ) ತಗೊಳ್ಳಬೇಕು ಅಂತ ಮನಸ್ಸಿದೆ. ಖರ್ಚಿನ ಮಾತು ಇಲ್ಲಿ ಬೇಡ. ನನಗೆ ಬೇಕಿರುವುದು ಪರಿಸರದ ಲೆಕ್ಕ ಮಾತ್ರ.

ಓದಲು ಕೂತೆ, ಗೊಂದಲ ಇನ್ನೂ ಜಾಸ್ತಿ ಆಯಿತು. ನಾರ್ವೆಯ ಎನ್‌ಟಿಎನ್‌ಯು ವಿಶ್ವವಿದ್ಯಾಲಯದವರ 2013ರ ಅಧ್ಯಯನದ ಪ್ರಕಾರ, ಯುರೋಪಿನ ಕರೆಂಟಿನಲ್ಲಿ ಓಡುವ ಇವಿ ಪೆಟ್ರೋಲ್, ಡೀಸೆಲ್ ಕಾರುಗಳಿಗಿಂತ ಶೇ. 10ರಿಂದ 24ರಷ್ಟು ಮಾತ್ರ ಕಡಿಮೆ ಹಸಿರುಮನೆ ಅನಿಲ ಬಿಡುತ್ತದೆ. ಐಸಿಸಿಟಿ ಎಂಬ ಸಾರಿಗೆ ಸಂಶೋಧನಾ ಸಂಸ್ಥೆ 2021ರಲ್ಲಿ ಹಾಕಿದ ಲೆಕ್ಕದಲ್ಲಿ ಅದೇ ಯುರೋಪಿಗೆ ಪೆಟ್ರೋಲ್ ಕಾರಿಗಿಂತ ಶೇ. 66ರಿಂದ 69 ಕಡಿಮೆ. ಎರಡೂ ಕಡೆಯವರು ಗಣಿಯಿಂದ ಹಿಡಿದು ಗುಜರಿವರೆಗೆ ಎಲ್ಲವನ್ನೂ ಸೇರಿಸಿದ್ದಾರೆ. ಎಂಟು ವರ್ಷದಲ್ಲಿ ಕಾರು ಅಷ್ಟೊಂದು ಬದಲಾಯಿತಾ? ಇಲ್ಲಾ ಒಬ್ಬರು ಕೈಚಳಕ ತೋರಿಸಿದ್ದಾರಾ?

ಸುಮ್ನೆ ಕೂರಲಾಗದೆ ನಾನೇ ಒಂದು ಹಾಳೆಯ ಮೇಲೆ ಲೆಕ್ಕ ಹಾಕಿದೆ. 50 ಯೂನಿಟ್ ಹಿಡಿಯುವ ಬ್ಯಾಟರಿ ಅಂದುಕೊಳ್ಳಿ (ಯೂನಿಟ್ ಅಂದರೆ ಕಿಲೋವ್ಯಾಟ್-ಅವರ್). ಒಂದು ಯೂನಿಟ್ ಬ್ಯಾಟರಿ ತಯಾರಿಸಲು 80 ಕೆಜಿ ಕಾರ್ಬನ್ ಅಂತ ಹಿಡಿದರೆ ಒಟ್ಟು 4 ಟನ್. ಇದು ಇವಿ ತಲೆ ಮೇಲಿರುವ ಸಾಲ. ಓಡುವಾಗ ಇವಿಗೆ 100 ಕಿ.ಮೀ.ಗೆ 15 ಯೂನಿಟ್ ಬೇಕು. ಕಲ್ಲಿದ್ದಲು ಜಾಸ್ತಿ ಇರುವ ಗ್ರಿಡ್ (ಊರೂರಿಗೆ ಕರೆಂಟ್ ತರುವ ಜಾಲ) ಅಂತ ಯೂನಿಟ್‌ಗೆ 700 ಗ್ರಾಂ ಹಿಡಿದೆ. ಕಿ.ಮೀ.ಗೆ 105 ಗ್ರಾಂ ಆಯಿತು. ಪೆಟ್ರೋಲ್ ಕಾರಿಗೆ 100 ಕಿ.ಮೀ.ಗೆ 6 ಲೀಟರ್. ಒಂದು ಲೀಟರ್ ಸುಟ್ಟರೆ 2.3 ಕೆಜಿ. ಅಂದರೆ ಕಿ.ಮೀ.ಗೆ 138 ಗ್ರಾಂ. ವ್ಯತ್ಯಾಸ 33 ಗ್ರಾಂ. 4 ಟನ್ ಸಾಲ ತೀರಬೇಕಾದರೆ ಸುಮಾರು 1,21,000 ಕಿ.ಮೀ. ಓಡಿಸಬೇಕು! ಎಲ್ಲಿ ತಪ್ಪಿದೆ ಹೇಳಿ.

#2 ಮೂರನೇಗೇರ್

ಸೈಕಲ್ ತಗೊಳ್ಳಿ ಸರ್. ಸಾಲ ಒಂದೇ ವಾರದಲ್ಲಿ ತೀರುತ್ತದೆ.

#3 ಲೆಕ್ಕಪುಸ್ತಕ

ಹಳೇಗಾಡಿ ಅವರೇ, ಮೊದಲು ಶಹಬ್ಬಾಸ್. ಅರ್ಧ ಜನ ಬರೀ ಶೀರ್ಷಿಕೆ ಓದಿ ಜಗಳಕ್ಕೆ ಬರುತ್ತಾರೆ. ನೀವು ಹಾಳೆ, ಪೆನ್ನು ಹಿಡಿದು ಬಂದಿದ್ದೀರಿ. ನಾನು ಇದೇ ಜೀವನಚಕ್ರ ಮೌಲ್ಯಮಾಪನದ (ಒಂದು ವಸ್ತು ಗಣಿಯಿಂದ ಗುಜರಿವರೆಗೆ ಪರಿಸರಕ್ಕೆ ಮಾಡುವ ಹಾನಿಯ ಲೆಕ್ಕ) ಕೆಲಸ ಮಾಡುವವನು. ಕಾರುಗಳದ್ದಲ್ಲ, ಪ್ಯಾಕೇಜಿಂಗ್ ಸಾಮಾನುಗಳದ್ದು. ವಿಧಾನ ಒಂದೇ.

ನಿಮ್ಮ ಲೆಕ್ಕದಲ್ಲಿ ಎರಡು ತಪ್ಪಿವೆ. ಒಂದು ಇವಿ ಪರವಾಗಿ, ಇನ್ನೊಂದು ಪೆಟ್ರೋಲ್ ಪರವಾಗಿ.

ಇವಿ ಪರವಾದ ತಪ್ಪು: ಕಾರು ಬಳಸುವ ಕರೆಂಟಿಗೂ ಮೀಟರಿನಲ್ಲಿ ಓಡುವ ಕರೆಂಟಿಗೂ ವ್ಯತ್ಯಾಸ ಇದೆ. ಚಾರ್ಜ್ ಮಾಡುವಾಗ ಶೇ. 10ರಿಂದ 15 ಬಿಸಿಯಾಗಿ ಹೋಗುತ್ತದೆ. ಹಾಗಾಗಿ 15 ಅಲ್ಲ, 17 ಯೂನಿಟ್ ಹಿಡಿಯಿರಿ. ಕಿ.ಮೀ.ಗೆ 119 ಗ್ರಾಂ.

ಪೆಟ್ರೋಲ್ ಪರವಾದ ತಪ್ಪು ಇದಕ್ಕಿಂತ ದೊಡ್ಡದು. ಲೀಟರಿಗೆ 2.3 ಕೆಜಿ ಅನ್ನುವುದು ಹೊಗೆ ಕೊಳವೆಯಿಂದ ಬರುವುದು ಮಾತ್ರ. ಪೆಟ್ರೋಲ್ ಆಕಾಶದಿಂದ ಬಂಕಿಗೆ ಬೀಳುವುದಿಲ್ಲ. ಕಚ್ಚಾ ತೈಲ ತೆಗೆಯಬೇಕು, ಬಾವಿಯ ಬಾಯಲ್ಲಿ ಅನಿಲ ಸುಡುತ್ತಾರೆ, ಹಡಗಿನಲ್ಲಿ ಸಾಗಿಸಬೇಕು, ರಿಫೈನರಿಯಲ್ಲಿ ಕಾಯಿಸಬೇಕು. ಇದಕ್ಕೆ ಒರಟು ಲೆಕ್ಕದಲ್ಲಿ ಇನ್ನೊಂದು ಶೇ. 20 ಸೇರಿಸಿ. 138 ಹೋಗಿ 165 ಆಗುತ್ತದೆ. ಇವಿಯ ವಿದ್ಯುತ್ ಸ್ಥಾವರವನ್ನು ಲೆಕ್ಕಕ್ಕೆ ಹಿಡಿದು ಪೆಟ್ರೋಲಿನ ರಿಫೈನರಿಯನ್ನು ಬಿಟ್ಟರೆ ಅದು ತಕ್ಕಡಿಯ ಒಂದು ತಟ್ಟೆಗೆ ಕೈ ಒತ್ತಿದ ಹಾಗೆ.

ಈಗ ವ್ಯತ್ಯಾಸ 46 ಗ್ರಾಂ. ಸಾಲ ತೀರುವುದು ಸುಮಾರು 87,000 ಕಿ.ಮೀ.ಗೆ.

ಇನ್ನು ಯಾರು ಸುಳ್ಳು ಹೇಳಿದರು ಅನ್ನುವ ಪ್ರಶ್ನೆ. ಯಾರೂ ಹೇಳಿಲ್ಲ. ಈ ಕೆಲಸಕ್ಕೆ ಐಎಸ್‌ಒ 14040 ಮತ್ತು 14044 ಅಂತ ಎರಡು ಮಾನದಂಡಗಳಿವೆ, 2006ರವು. ಗುರಿ ಏನು, ಎಲ್ಲಿಂದ ಎಲ್ಲಿವರೆಗೆ ಲೆಕ್ಕ, ಯಾವ ಸಾಮಾನು ಎಷ್ಟು ಹೋಯಿತು ಬಂತು, ಅದರಿಂದ ಏನು ಹಾನಿ ಅನ್ನುವುದನ್ನು ಯಾವ ಕ್ರಮದಲ್ಲಿ ಬರೆಯಬೇಕು ಅಂತ ಅವು ಹೇಳುತ್ತವೆ. ಆದರೆ ಕಾರು ಎಷ್ಟು ಕಿ.ಮೀ. ಓಡುತ್ತದೆ ಅಂತ ಹೇಳುವುದಿಲ್ಲ. ಅದನ್ನು ಲೆಕ್ಕ ಹಾಕುವವರೇ ಊಹಿಸಬೇಕು. ಕೊನೆಯ ಉತ್ತರ ಬರುವುದು "ಕಿ.ಮೀ.ಗೆ ಇಷ್ಟು ಗ್ರಾಂ" ಅಂತ. ಹಾಗಾಗಿ ಆ ಊಹೆ ಇಡೀ ಉತ್ತರದ ಛೇದದಲ್ಲಿ ಕೂತಿರುತ್ತದೆ.

ನೀವು ಹೇಳಿದ 2013ರ ಅಧ್ಯಯನವನ್ನೇ ನೋಡಿ. ಶೇ. 10ರಿಂದ 24 ಅನ್ನುವುದು 1.5 ಲಕ್ಷ ಕಿ.ಮೀ. ಓಡಿದರೆ. ಅದೇ ಸಾರಾಂಶದಲ್ಲಿ ಮುಂದೆ ಬರೆದಿದ್ದಾರೆ: 2 ಲಕ್ಷ ಕಿ.ಮೀ. ಓಡಿದರೆ ಪೆಟ್ರೋಲಿಗಿಂತ ಶೇ. 27ರಿಂದ 29 ಕಡಿಮೆ. 1 ಲಕ್ಷಕ್ಕೇ ನಿಂತರೆ ಬರೀ ಶೇ. 9ರಿಂದ 14, ಡೀಸೆಲ್ ಜೊತೆಗಂತೂ ವ್ಯತ್ಯಾಸವೇ ಇಲ್ಲ. ಅದೇ ಕಾರು, ಅದೇ ಬ್ಯಾಟರಿ, ಅದೇ ಕರೆಂಟು. ಐಸಿಸಿಟಿಯವರು ಯುರೋಪಿನ ಮಧ್ಯಮ ಗಾತ್ರದ ಕಾರಿಗೆ ಸುಮಾರು 2.4 ಲಕ್ಷ ಕಿ.ಮೀ. ಆಯುಸ್ಸು ಕೊಟ್ಟಿದ್ದಾರೆ. ನಿಮ್ಮ ಗೊಂದಲದ ಒಂದು ಭಾಗ ಇಲ್ಲೇ ಕರಗಿತು.

#4 ಪಿಸ್ಟನ್‌ಪ್ರಿಯ

ಲೆಕ್ಕಪುಸ್ತಕ ಸರ್, ಚೆನ್ನಾಗಿ ಹೇಳಿದಿರಿ. ಆದರೆ 80 ಕೆಜಿ ಅನ್ನುವುದನ್ನು ಯಾರೂ ಪ್ರಶ್ನೆ ಮಾಡಲಿಲ್ಲವಲ್ಲ? ಸ್ವೀಡನ್ನಿನ ಐವಿಎಲ್ ಸಂಸ್ಥೆ 2017ರಲ್ಲಿ ಯೂನಿಟ್‌ಗೆ 150ರಿಂದ 200 ಕೆಜಿ ಅಂದಿತ್ತು. ಆ ಲೆಕ್ಕದಲ್ಲಿ 50 ಯೂನಿಟ್ ಬ್ಯಾಟರಿಗೆ 10 ಟನ್‌ವರೆಗೆ ಹೋಗುತ್ತದೆ. ಆಗ 2 ಲಕ್ಷ ಕಿ.ಮೀ. ದಾಟಿದ ಮೇಲೆಯೇ ಲಾಭ.

700 ಗ್ರಾಂ ಕೂಡ ದೊಡ್ಡ ಮನಸ್ಸಿನ ಲೆಕ್ಕ. ಹಳೆಯ ಕಲ್ಲಿದ್ದಲು ಸ್ಥಾವರ ಯೂನಿಟ್‌ಗೆ ಸಾವಿರ ಗ್ರಾಂ ಮುಟ್ಟುತ್ತದೆ. 17 ಯೂನಿಟ್‌ಗೆ 17 ಕೆಜಿ, ಅಂದರೆ ಕಿ.ಮೀ.ಗೆ 170 ಗ್ರಾಂ. ಪೆಟ್ರೋಲ್ ಕಾರು 165. ಸಾಲ ತೀರುವುದಿರಲಿ, ಬಡ್ಡಿ ಏರುತ್ತಾ ಹೋಗುತ್ತದೆ. ಹತ್ತು ವರ್ಷಕ್ಕೆ ಬ್ಯಾಟರಿ ಬದಲಾಯಿಸಬೇಕಾಗಿ ಬಂದರೆ? ಇನ್ನೊಂದು 4 ಟನ್.

ನಾನು ಇವಿ ವಿರೋಧಿ ಅಲ್ಲ. ಹೆಸರು ನೋಡಿ ಹಾಗೆ ಅನ್ನಿಸಬಹುದು, ಅಷ್ಟೇ :)

#5 ಲೆಕ್ಕಪುಸ್ತಕ

ಪಿಸ್ಟನ್‌ಪ್ರಿಯ ಅವರೇ, ಆ ಅಂಕಿ ಸರಿ. ಆದರೆ ಅರ್ಧ ಕಥೆ. ಅದೇ ಐವಿಎಲ್ 2019ರಲ್ಲಿ ಲೆಕ್ಕವನ್ನು ಮತ್ತೆ ಮಾಡಿ 61ರಿಂದ 106 ಕೆಜಿ ಅಂತ ತಿದ್ದಿತು. ಎರಡೇ ವರ್ಷದಲ್ಲಿ ಸುಮಾರು ಅರ್ಧ! ತಿದ್ದುಪಡಿಗಿಂತ ಮೊದಲ ಅಂಕಿಯೇ ಜಾಸ್ತಿ ಸುತ್ತಾಡಿತು. ಇವತ್ತಿಗೂ ಸುತ್ತಾಡುತ್ತಿದೆ, ನಿಮ್ಮ ಮೂಲಕ :)

ಇಳಿದಿದ್ದು ಯಾಕೆ ಅನ್ನುವುದು ಕುತೂಹಲದ ವಿಷಯ. ಸೆಲ್ ಕಾರ್ಖಾನೆಯಲ್ಲಿ ಶಕ್ತಿ ನುಂಗುವ ಜಾಗಗಳು ಮುಖ್ಯವಾಗಿ ಎರಡು. ಒಂದು, ಲೋಹದ ಹಾಳೆಗೆ ಬಳಿದ ಎಲೆಕ್ಟ್ರೋಡ್ ಪೇಸ್ಟನ್ನು ಒಣಗಿಸುವ ದೊಡ್ಡ ಒಲೆ. ಎರಡು, ತೇವ ಇಲ್ಲದ ಕೋಣೆ. ಲಿಥಿಯಂ ಸೆಲ್ಲಿಗೆ ನೀರಿನ ಪಸೆ ತಾಗಬಾರದು, ಹಾಗಾಗಿ ಇಡೀ ಕೋಣೆಯ ಗಾಳಿಯನ್ನು ಹಗಲು ರಾತ್ರಿ ಒಣಗಿಸುತ್ತಲೇ ಇರಬೇಕು. ಕಾರ್ಖಾನೆ ಅರ್ಧ ಖಾಲಿ ಇದ್ದರೂ ಈ ಖರ್ಚು ಇಳಿಯುವುದಿಲ್ಲ. ಮೊದಮೊದಲ ಅಧ್ಯಯನಗಳಿಗೆ ಸಿಕ್ಕಿದ್ದು ಸಣ್ಣ, ಪೂರ್ತಿ ಓಡದ ಘಟಕಗಳ ಅಂಕಿಗಳು. ದೊಡ್ಡ ಕಾರ್ಖಾನೆ ತುಂಬಿ ಓಡಿದಾಗ ಅದೇ ಖರ್ಚು ಜಾಸ್ತಿ ಸೆಲ್ಲುಗಳಿಗೆ ಹಂಚಿಹೋಗುತ್ತದೆ. ಎಲ್ಲರ ಮನೆಯ ಬಟ್ಟೆ ಒಂದೇ ಡ್ರೈಯರಿನಲ್ಲಿ ಹಾಕಿದ ಹಾಗೆ.

ಅಂದ ಮಾತ್ರಕ್ಕೆ 80 ಅನ್ನುವುದು ಶಾಸನ ಅಲ್ಲ. ಕ್ಯಾಥೋಡಿನ (ಸೆಲ್ಲಿನ ಧನ ಎಲೆಕ್ಟ್ರೋಡ್) ನಿಕ್ಕಲ್ ಎಲ್ಲಿಂದ ಬಂತು, ಹೊದಿಕೆಯ ಅಲ್ಯೂಮಿನಿಯಂ ಜಲವಿದ್ಯುತ್ತಿನಲ್ಲಿ ಕರಗಿದ್ದೋ ಕಲ್ಲಿದ್ದಲಿನಲ್ಲೋ ಅನ್ನುವುದರ ಮೇಲೆ ಬದಲಾಗುತ್ತದೆ. ಬ್ಯಾಟರಿ ಮೇಲೆ ನಿಜವಾಗಿ ಎಷ್ಟು ಕಾರ್ಬನ್ ಅಂತ ಚೀಟಿ ಅಂಟಿಸುವ ನಿಯಮ ಯುರೋಪಿನ 2023ರ ಬ್ಯಾಟರಿ ಕಾನೂನಿನಲ್ಲಿದೆ. ಅದು ಸರಿಯಾಗಿ ಜಾರಿಯಾದರೆ ನಮ್ಮಂಥವರ ಅರ್ಧ ಜಗಳ ನಿಲ್ಲುತ್ತದೆ.

ಬ್ಯಾಟರಿ ಬದಲಾವಣೆ ಬಗ್ಗೆ: ಹೆಚ್ಚಿನ ಅಧ್ಯಯನಗಳು ಕಾರಿನ ಆಯುಸ್ಸಿಗೆ ಒಂದೇ ಬ್ಯಾಟರಿ ಅಂತ ಹಿಡಿಯುತ್ತವೆ. ಅದು ಸುಳ್ಳಾದ ಕಾರಿಗೆ ಸಾಲ ಎರಡರಷ್ಟು. ಒಪ್ಪುತ್ತೇನೆ. ಯಾವ ವರದಿ ಓದಿದರೂ ಈ ಸಾಲನ್ನು ಹುಡುಕಿ ಓದಿ.

#6 ಗಾಳಿಯಂತ್ರ

ಕರೆಂಟಿನ ವಿಷಯ ಬಂತಲ್ಲ, ಇದು ನನ್ನ ಅನ್ನದ ವಿಷಯ. ಗ್ರಿಡ್ ನಿಯಂತ್ರಣ ಕೇಂದ್ರವೊಂದರಲ್ಲಿ ಪಾಳಿ ಕೆಲಸ ಮಾಡಿದ್ದೇನೆ.

ಪಿಸ್ಟನ್‌ಪ್ರಿಯ ಸಾವಿರ ಗ್ರಾಂ ಹಿಡಿದರು. ಅಂಥ ಸ್ಥಾವರ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಬರೀ ಅಂಥ ಸ್ಥಾವರಗಳಿಂದಲೇ, ಅದೂ ಹದಿನೈದು ವರ್ಷ ಬದಲಾಗದೆ ನಡೆಯುವ ಗ್ರಿಡ್ ಹುಡುಕುವುದು ಕಷ್ಟ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2014ರ ವರದಿಯ ಮಧ್ಯದ ಅಂಕಿಗಳನ್ನು ನೋಡಿ. ಸ್ಥಾವರ ಕಟ್ಟುವುದರಿಂದ ಹಿಡಿದು ಎಲ್ಲ ಸೇರಿ ಯೂನಿಟ್‌ಗೆ ಕಲ್ಲಿದ್ದಲು 820 ಗ್ರಾಂ, ಅನಿಲ 490, ದೊಡ್ಡ ಸೋಲಾರ್ 48, ಜಲವಿದ್ಯುತ್ 24, ಪರಮಾಣು 12, ನೆಲದ ಮೇಲಿನ ಗಾಳಿಯಂತ್ರ 11. (ನನ್ನ ಹೆಸರು ಸುಮ್ನೆ ಇಟ್ಟುಕೊಂಡಿದ್ದಲ್ಲ!)

ಇದನ್ನು ಹಳೇಗಾಡಿಯವರ ಹಾಳೆಗೆ ಹಾಕಿದೆ. ಬರೀ ಕಲ್ಲಿದ್ದಲು, 820 ಗ್ರಾಂ: ಸಾಲ ತೀರಲು 1.5 ಲಕ್ಷ ಕಿ.ಮೀ. ದಾಟಬೇಕು. 300 ಗ್ರಾಂ ಇರುವ ಮಿಶ್ರ ಗ್ರಿಡ್: ಸುಮಾರು 35,000. 50 ಗ್ರಾಂ: 26,000ದ ಆಸುಪಾಸು. ಗಮನಿಸಿದಿರಾ? 820ರಿಂದ 300ಕ್ಕೆ ಇಳಿದಾಗ ಲಕ್ಷಕ್ಕೂ ಮೀರಿ ಕಿ.ಮೀ. ಉಳಿಯಿತು. 300ರಿಂದ 50ಕ್ಕೆ ಇಳಿದಾಗ ಉಳಿದಿದ್ದು ಒಂಬತ್ತು ಸಾವಿರ. ಕೊಳಕು ಗ್ರಿಡ್ಡನ್ನು ಸ್ವಲ್ಪ ತೊಳೆದರೂ ಲಾಭ ದೊಡ್ಡದು.

ಕಾರು ಕಂಪನಿಯವರ ಲೆಕ್ಕವೂ ಇದೇ ದಾರಿಯಲ್ಲಿದೆ. ವೋಲ್ವೊ 2021ರಲ್ಲಿ ತನ್ನ ಸಿ40 ಇವಿಯನ್ನು ಅದೇ ವರ್ಗದ ಪೆಟ್ರೋಲ್ ಎಕ್ಸ್‌ಸಿ40 ಜೊತೆ ಹೋಲಿಸಿ ವರದಿ ಹೊರತಂದಿತು. ತಯಾರಿಕೆ ಹಂತದಲ್ಲಿ ಇವಿಯದು ಸುಮಾರು ಶೇ. 70 ಜಾಸ್ತಿ. ಅದನ್ನು ಅವರೇ ಒಪ್ಪಿ ಬರೆದಿದ್ದಾರೆ. ಸಾಲ ತೀರುವುದು ಗಾಳಿ ವಿದ್ಯುತ್ತಾದರೆ 49,000 ಕಿ.ಮೀ.ಗೆ, ಯುರೋಪಿನ ಸರಾಸರಿಯಾದರೆ 77,000ಕ್ಕೆ, ಜಗತ್ತಿನ ಸರಾಸರಿಯಾದರೆ 1,10,000ಕ್ಕೆ. ಮಾರುವವರ ಬಾಯಿಂದಲೇ ಬಂದ ಈ ಕೊನೆಯ ಅಂಕಿ ನನಗೆ ಇಷ್ಟವಾಯಿತು.

ಈಗ 2013 ಮತ್ತು 2021ರ ಜಗಳದ ಎರಡನೇ ಭಾಗ. ಹಳೆಯ ಅಧ್ಯಯನ ಅಂದಿನ ಯುರೋಪಿನ ಕರೆಂಟನ್ನು ಹಿಡಿದು, ಕಾರಿನ ಆಯುಸ್ಸು ಪೂರ್ತಿ ಅದೇ ಇರುತ್ತದೆ ಅಂದುಕೊಂಡಿತು. ಹೊಸದು ಕಾರು ಓಡುವಷ್ಟು ವರ್ಷ ಗ್ರಿಡ್ ಹೇಗೆ ಬದಲಾಗುತ್ತದೆ ಅನ್ನುವ ಅಂದಾಜನ್ನು ಸೇರಿಸಿತು. ಪೆಟ್ರೋಲ್ ಕಾರು ಹಳೆಯದಾದ ಹಾಗೆ ಹೊಗೆ ಕಮ್ಮಿಯಾಗುವುದಿಲ್ಲ. ಇವಿಯದು ಕಮ್ಮಿಯಾಗುವ ಸಾಧ್ಯತೆ ಇದೆ, ಮಾಲೀಕ ಏನೂ ಮಾಡದೆ. ಆದರೆ ಹುಷಾರು, ಇದು ಭವಿಷ್ಯದ ಮಾತು. ಸರ್ಕಾರಗಳು ಹೇಳಿದ ಹಾಗೆ ನಡೆದುಕೊಂಡರೆ ಮಾತ್ರ ಆ ಅಂಕಿ ನಿಜ.

ಇನ್ನೊಂದು ಮುಖ್ಯ ವಿಷಯ. ಐಸಿಸಿಟಿಯ ಅದೇ 2021ರ ವರದಿಯಲ್ಲಿ ಅಮೆರಿಕಕ್ಕೆ ಶೇ. 60ರಿಂದ 68, ಚೀನಾಕ್ಕೆ 37ರಿಂದ 45, ಭಾರತಕ್ಕೆ 19ರಿಂದ 34 ಅಂತ ಇದೆ. ಯುರೋಪಿನ ಅಂಕಿಯನ್ನು ಹಿಡಿದು ಎಲ್ಲ ಕಡೆ ಭಾಷಣ ಮಾಡುವವರು ಈ ಸಾಲನ್ನು ಹಾರಿಸಿಬಿಡುತ್ತಾರೆ.

#7 ಪಿಸ್ಟನ್‌ಪ್ರಿಯ

ಗಾಳಿಯಂತ್ರ ಅವರೇ, ಒಂದು ತಕರಾರು. ನಾನು ರಾತ್ರಿ ಹನ್ನೊಂದಕ್ಕೆ ಕಾರನ್ನು ಪ್ಲಗ್ಗಿಗೆ ಹಾಕುತ್ತೇನೆ ಅಂದುಕೊಳ್ಳಿ. ಆಗ ಸೂರ್ಯ ಇಲ್ಲ. ನನ್ನ ಕಾರಿಗೋಸ್ಕರ ಹೆಚ್ಚಾಗಿ ಉರಿಯುವುದು ಕಲ್ಲಿದ್ದಲೋ ಅನಿಲವೋ ತಾನೇ? ಸರಾಸರಿ ಯಾಕೆ ಹಿಡಿಯಬೇಕು?

#8 ಗಾಳಿಯಂತ್ರ

ಒಳ್ಳೆಯ ತಕರಾರು. ನಿಮ್ಮ ಪಾಲಿಗೆ ಬರುವ ಸರಾಸರಿ ಎಷ್ಟು ಅನ್ನುವುದು ಒಂದು ಪ್ರಶ್ನೆ. ನೀವು ಪ್ಲಗ್ ಹಾಕಿದ್ದರಿಂದ ಎಷ್ಟು ಹೆಚ್ಚಾಯಿತು ಅನ್ನುವುದು ಇನ್ನೊಂದು. ಎರಡೂ ಸರಿಯಾದ ಪ್ರಶ್ನೆಗಳೇ, ಉತ್ತರ ಬೇರೆ ಬೇರೆ. ಪಾಳಿಯಲ್ಲಿ ಕೂತಾಗ ಇದು ಕಣ್ಣಿಗೇ ಕಾಣುತ್ತಿತ್ತು. ಸಂಜೆ ಏಳಕ್ಕೆ ಬೇಡಿಕೆ ಏರಿದರೆ ಗಾಳಿಯನ್ನು ಜೋರು ಮಾಡಲು ಆಗುವುದಿಲ್ಲ. ಉಷ್ಣ ಸ್ಥಾವರಕ್ಕೋ ಅಣೆಕಟ್ಟಿಗೋ ಹೇಳುತ್ತಿದ್ದೆವು. ಮಧ್ಯಾಹ್ನ ಸೋಲಾರ್ ಜಾಸ್ತಿಯಾಗಿ ತಗೊಳ್ಳುವವರಿಲ್ಲದೆ ನಿಲ್ಲಿಸಬೇಕಾದ ದಿನಗಳೂ ಇದ್ದವು. ಆ ಹೊತ್ತಿನಲ್ಲಿ ಚಾರ್ಜ್ ಮಾಡಿದ ಕಾರಿನ ಕಾರ್ಬನ್ ಹೆಚ್ಚೂ ಕಡಿಮೆ ಸೊನ್ನೆ.

ಅಂದರೆ ಒಂದೇ ಕಾರು, ಒಂದೇ ಊರು, ಚಾರ್ಜ್ ಮಾಡುವ ಗಂಟೆ ಬದಲಾದರೆ ಉತ್ತರ ಬದಲಾಗುತ್ತದೆ. ವರ್ಷದ ಸರಾಸರಿ ಹಿಡಿಯುವ ಅಧ್ಯಯನದಲ್ಲಿ ಇದು ಕಾಣುವುದೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ಇದು ಈ ವರದಿಗಳ ದೊಡ್ಡ ಕುರುಡುತನ.

#9 ಹೊಸಬಳು

ನಾನು ಈ ಗುಂಪಿಗೆ ಹೊಸಬಳು. ಎರಡು ಪ್ರಶ್ನೆ. ಒಂದು, ಎಲ್ಲರೂ ಕಾರಿನ ಬಗ್ಗೆಯೇ ಹೇಳುತ್ತಿದ್ದೀರಿ. ನಾನು ಓಡಿಸುವುದು ಸ್ಕೂಟರ್. ಎರಡು, ಬರೀ ಕಾರ್ಬನ್ ಒಂದೇನಾ ಪರಿಸರ? ಲಿಥಿಯಂ ತೆಗೆಯುವ ಕಡೆ ನೀರಿಲ್ಲ, ಕೋಬಾಲ್ಟ್ ಗಣಿಯಲ್ಲಿ ಮಕ್ಕಳು ಕೆಲಸ ಮಾಡುತ್ತಾರೆ ಅಂತ ಓದಿದ್ದೇನೆ. ಅದು ಯಾವ ಗ್ರಾಂ ಲೆಕ್ಕದಲ್ಲಿ ಬರುತ್ತದೆ?

#10 ಲೆಕ್ಕಪುಸ್ತಕ

ಹೊಸಬಳು ಅವರೇ, ಸ್ಕೂಟರಿನ ಪ್ರಶ್ನೆ ಬಂದಿದ್ದು ಒಳ್ಳೆಯದಾಯಿತು. 3 ಯೂನಿಟ್ ಬ್ಯಾಟರಿ, ತಯಾರಿಕೆಗೆ ಅದೇ 80 ಕೆಜಿ ದರದಲ್ಲಿ 240 ಕೆಜಿ. 100 ಕಿ.ಮೀ.ಗೆ ಚಾರ್ಜಿಂಗ್ ನಷ್ಟ ಸೇರಿ ಸುಮಾರು 3.4 ಯೂನಿಟ್. 700 ಗ್ರಾಂ ಗ್ರಿಡ್ಡಿನಲ್ಲೂ ಕಿ.ಮೀ.ಗೆ 24 ಗ್ರಾಂ. ಲೀಟರಿಗೆ 50 ಕಿ.ಮೀ. ಕೊಡುವ ಪೆಟ್ರೋಲ್ ಸ್ಕೂಟರ್ 55 ಗ್ರಾಂ. ಸಾಲ ತೀರುವುದು 8,000 ಕಿ.ಮೀ. ಒಳಗೆ! ಕಾರಿಗೆ 87,000 ಬೇಕಾದ ಅದೇ ಗ್ರಿಡ್ಡಿನಲ್ಲಿ.

ಇದರ ಉಲ್ಟಾ ಕೂಡ ನೋಡಿ. 100 ಯೂನಿಟ್ ಬ್ಯಾಟರಿಯ ಭಾರಿ ಇವಿ, ಮೀಟರಿನಿಂದ 100 ಕಿ.ಮೀ.ಗೆ 25 ಯೂನಿಟ್ ಎಳೆಯುತ್ತದೆ ಅಂದರೆ ಕಿ.ಮೀ.ಗೆ 175 ಗ್ರಾಂ. ಹಳೇಗಾಡಿಯವರ ಸಣ್ಣ ಪೆಟ್ರೋಲ್ ಕಾರು 165. ಎರಡು ಟನ್ ತೂಕದ ಇವಿಗೆ ಎಲೆಯ ಚಿತ್ರ ಅಂಟಿಸಿದರೆ ಅದು ಹಸಿರಾಗುವುದಿಲ್ಲ.

ಎರಡನೇ ಪ್ರಶ್ನೆಗೆ ಗ್ರಾಂ ಲೆಕ್ಕದಲ್ಲಿ ಉತ್ತರ ಇಲ್ಲ. ಜೀವನಚಕ್ರದ ಲೆಕ್ಕದಲ್ಲಿ ಹವಾಮಾನ ಅನ್ನುವುದು ಒಂದು ಕಾಲಂ ಮಾತ್ರ. ಆಮ್ಲೀಯತೆ, ಕೆರೆ ನದಿಗಳಿಗೆ ಪೋಷಕಾಂಶ ಸೇರುವುದು, ಮನುಷ್ಯರಿಗೆ ವಿಷ, ಲೋಹಗಳ ಬಳಕೆ, ನೀರು, ಹೀಗೆ ಬೇರೆ ಕಾಲಂಗಳೂ ಇವೆ. 2013ರ ಆ ನಾರ್ವೆ ಅಧ್ಯಯನದ ಹೆಚ್ಚು ಜನ ಓದದ ಭಾಗ ಇದೇ. ಮನುಷ್ಯರಿಗೆ ವಿಷ, ಸಿಹಿನೀರಿಗೆ ವಿಷ, ಲೋಹಗಳ ಬಳಕೆ ಅನ್ನುವ ಕಾಲಂಗಳಲ್ಲಿ ಇವಿ ಪೆಟ್ರೋಲ್ ಕಾರಿಗಿಂತ ಕೆಟ್ಟದಾಗಬಹುದು ಅಂತ ಅವರು ಎಚ್ಚರಿಸಿದ್ದರು. ತಾಮ್ರ, ನಿಕ್ಕಲ್ ಗಣಿಗಳ ತ್ಯಾಜ್ಯ ಅದಕ್ಕೆ ದೊಡ್ಡ ಕಾರಣ.

ಲಿಥಿಯಂ ಕಥೆ ಇನ್ನೂ ಸೂಕ್ಷ್ಮ. ಚಿಲಿಯ ಅಟಕಾಮ ಉಪ್ಪುಮೈದಾನದಲ್ಲಿ ನೆಲದಡಿಯ ಉಪ್ಪುನೀರನ್ನು ಎತ್ತಿ ದೊಡ್ಡ ಕೊಳಗಳಲ್ಲಿ ಬಿಸಿಲಿಗೆ ಬಿಡುತ್ತಾರೆ. ಬಿಸಿಲೇ ಕೆಲಸ ಮಾಡುವುದರಿಂದ ಕಾರ್ಬನ್ ಕಡಿಮೆ. ಆದರೆ ಆ ಒಣ ನೆಲದಲ್ಲಿ ನೀರು ಆವಿಯಾಗಿ ಹೋಗುತ್ತದೆ. ಆಸ್ಟ್ರೇಲಿಯಾದಲ್ಲಿ ಸ್ಪೋಡುಮೀನ್ ಎಂಬ ಕಲ್ಲಿನಿಂದ ತೆಗೆಯುತ್ತಾರೆ. ಅದನ್ನು ಸಾವಿರ ಡಿಗ್ರಿಗೂ ಮೀರಿ ಹುರಿಯಬೇಕು, ಹಾಗಾಗಿ ಕಾರ್ಬನ್ ಜಾಸ್ತಿ. ಕಾರ್ಬನ್ ಕಾಲಂ ಒಂದನ್ನೇ ನೋಡಿದರೆ ಅಟಕಾಮ ಗೆಲ್ಲುತ್ತದೆ. ಅಲ್ಲಿ ಬದುಕುವವರನ್ನು ಕೇಳಿದರೆ ಬೇರೆ ಉತ್ತರ ಬರುತ್ತದೆ.

ಕೋಬಾಲ್ಟ್: ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟಿನಲ್ಲಿ ಸುಮಾರು ಶೇ. 70 ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ್ದು. ಮಕ್ಕಳ ದುಡಿಮೆಗೆ ಪರಿಸರದ ಈ ಲೆಕ್ಕದಲ್ಲಿ ಕಾಲಂ ಇಲ್ಲ. ಸಾಮಾಜಿಕ ಜೀವನಚಕ್ರ ಅಂತ ಬೇರೆ ವಿಧಾನ ಇದೆ, ಅದು ಇನ್ನೂ ಎಳೆಯದು. ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಕೋಬಾಲ್ಟೂ ಇಲ್ಲ, ನಿಕ್ಕಲ್ಲೂ ಇಲ್ಲ. ತೂಕ ಸ್ವಲ್ಪ ಜಾಸ್ತಿ, ಅಷ್ಟೇ. ಸ್ಕೂಟರ್ ತಗೊಳ್ಳುವಾಗ ಯಾವ ಬಗೆಯ ಸೆಲ್ ಅಂತ ಕೇಳಿ ನೋಡಿ. ಮಾರುವವರಿಗೆ ಗೊತ್ತಿರುವುದಿಲ್ಲ, ಆದರೂ ಕೇಳಿ.

ಹಾಗಂತ ಪೆಟ್ರೋಲಿನ ಕಡೆಗೂ ಇದೇ ಭೂತಗನ್ನಡಿ ಹಿಡಿಯಬೇಕು. ಎಣ್ಣೆ ಸೋರಿದ ನದಿಗಳು, ಬಾವಿಯ ಬಾಯಲ್ಲಿ ಉರಿಯುವ ಅನಿಲ, ಕೊಳವೆಗಳಿಂದ ಸೋರುವ ಮೀಥೇನ್ ಎಲ್ಲವೂ ಅದರ ಖಾತೆಗೆ. ಇನ್ನೊಂದು ವ್ಯತ್ಯಾಸ: ಬ್ಯಾಟರಿಯ ಲೋಹವನ್ನು ಒಮ್ಮೆ ತೆಗೆದರೆ ಅದು ವಸ್ತುವಾಗಿ ಉಳಿಯುತ್ತದೆ. ಪೆಟ್ರೋಲು ಸುಟ್ಟು ಹೋಗುತ್ತದೆ, ಮತ್ತೆ ತೆಗೆಯಬೇಕು.

#11 ಗುಜರಿಗೆಳೆಯ

"ವಸ್ತುವಾಗಿ ಉಳಿಯುತ್ತದೆ" ಅನ್ನುವುದು ಕೇಳಲು ಚೆಂದ. ಗುಜರಿಯಲ್ಲಿ ನಿಂತು ನೋಡಿದವನು ನಾನು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬ್ಯಾಟರಿ ಬಿಚ್ಚುವ ಘಟಕವೊಂದರಲ್ಲಿ ಮೂರು ವರ್ಷ ಇದ್ದೆ. ಒಂದು ದಿನ ಅಪಘಾತವಾದ ಕಾರಿನ ಪ್ಯಾಕ್ ಬಂತು. ಮೇಲಿನ ಚೀಟಿ ಹರಿದಿತ್ತು. ಒಳಗೆ ಯಾವ ಬಗೆಯ ಸೆಲ್ ಗೊತ್ತಿಲ್ಲ, ಎಷ್ಟು ಚಾರ್ಜ್ ಉಳಿದಿದೆ ಗೊತ್ತಿಲ್ಲ. ಮುಚ್ಚಳ ಪೂರ್ತಿ ಅಂಟಿನಿಂದ ಹಾಕಿದ್ದು, ಬೋಲ್ಟೇ ಇಲ್ಲ. ಇಬ್ಬರು ಇಡೀ ದಿನ ಕೂತು ಬಿಚ್ಚಿದೆವು. ಆ ದಿನದ ಮೇಲೆ ನನಗೆ ಅರ್ಥ ಆಗಿದ್ದು, ಮರುಬಳಕೆ ಶುರುವಾಗುವುದು ಗುಜರಿಯಲ್ಲಿ ಅಲ್ಲ, ಡ್ರಾಯಿಂಗ್ ಬೋರ್ಡಿನಲ್ಲಿ.

ಬಿಚ್ಚಿದ ಮೇಲೆ ಪುಡಿ ಮಾಡಿದರೆ ಕಪ್ಪು ಹುಡಿ ಸಿಗುತ್ತದೆ. ನಾವು "ಬ್ಲ್ಯಾಕ್ ಮಾಸ್" ಅನ್ನುತ್ತಿದ್ದೆವು. ಬೆಲೆಬಾಳುವ ಲೋಹ ಹೆಚ್ಚಾಗಿ ಅದರಲ್ಲೇ. ಕುಲುಮೆಗೆ ಹಾಕಿ ಕರಗಿಸಿದರೆ ನಿಕ್ಕಲ್, ಕೋಬಾಲ್ಟ್, ತಾಮ್ರ ಚೆನ್ನಾಗಿ ಸಿಗುತ್ತವೆ. ಲಿಥಿಯಂ ಕಿಟ್ಟದಲ್ಲಿ ಸೇರಿಹೋಗುತ್ತದೆ. ಆಮ್ಲದಲ್ಲಿ ಕರಗಿಸುವ ದಾರಿಯಲ್ಲಿ ಲಿಥಿಯಂ ಕೂಡ ಸಿಗುತ್ತದೆ, ಆದರೆ ರಾಸಾಯನಿಕ ಮತ್ತು ಕೊಳಚೆ ನೀರಿನ ಕಾಟ ಇದೆ. ಲೆಕ್ಕಪುಸ್ತಕ ಅವರು ಹೊಗಳಿದ ಎಲ್‌ಎಫ್‌ಪಿ ಇದೆಯಲ್ಲ, ಗುಜರಿಯವನಿಗೆ ಅದು ಬಡವರ ಮನೆಯ ಮದುವೆ. ಕೋಬಾಲ್ಟ್ ಇಲ್ಲ, ನಿಕ್ಕಲ್ ಇಲ್ಲ, ಬಿಚ್ಚಿದ ಕೂಲಿಯೂ ಹುಟ್ಟುವುದು ಕಷ್ಟ. ಗಣಿಯಲ್ಲಿ ಒಳ್ಳೆಯದು ಗುಜರಿಯಲ್ಲೂ ಒಳ್ಳೆಯದಾಗಿರಬೇಕು ಅಂತೇನಿಲ್ಲ.

ಯುರೋಪಿನ 2023ರ ಕಾನೂನಿನಲ್ಲಿ ಇದಕ್ಕೆ ಮದ್ದಿದೆ. ಹಳೆಯ ಬ್ಯಾಟರಿಯಿಂದ ಲಿಥಿಯಂ ಶೇ. 50 ಭಾಗವನ್ನು 2027ರ ಕೊನೆಯೊಳಗೆ, ಶೇ. 80 ಭಾಗವನ್ನು 2031ರ ಕೊನೆಯೊಳಗೆ ಹೊರತೆಗೆಯಬೇಕು. 2031ರಿಂದ ಹೊಸ ಬ್ಯಾಟರಿಯಲ್ಲಿ ಮರುಬಳಕೆಯ ಪಾಲು ಕೋಬಾಲ್ಟಿಗೆ ಶೇ. 16, ಲಿಥಿಯಂ ಮತ್ತು ನಿಕ್ಕಲ್ಲಿಗೆ ತಲಾ ಶೇ. 6 ಇರಬೇಕು. ಪ್ರತಿ ಇವಿ ಬ್ಯಾಟರಿಗೂ ಡಿಜಿಟಲ್ ಪಾಸ್‌ಪೋರ್ಟ್ ಕೂಡ. ಆ ಹರಿದ ಚೀಟಿಯ ದಿನ ನಮ್ಮ ಕೈಯಲ್ಲಿ ಅದು ಇದ್ದಿದ್ದರೆ!

ಲೆಕ್ಕ ಮಾಡುವವರಿಗೆ ನನ್ನದೊಂದು ಪ್ರಶ್ನೆ. ಕಾರು ಮಾರುವವನು ಮುಂದೆ ಮರುಬಳಕೆ ಆಗುತ್ತದೆ ಅಂತ ತನ್ನ ಲೆಕ್ಕದಿಂದ ಕಾರ್ಬನ್ ಕಳೆಯುತ್ತಾನೆ. ಆ ಲೋಹ ಕೊಂಡು ಹೊಸ ಬ್ಯಾಟರಿ ಮಾಡುವವನು ಇದು ಮರುಬಳಕೆಯದು ಅಂತ ಮತ್ತೆ ಕಳೆಯುತ್ತಾನೆ. ಒಂದೇ ಲೋಹಕ್ಕೆ ಎರಡು ಸಲ ರಿಯಾಯಿತಿ ಆಯಿತಲ್ವಾ?

#12 ಲೆಕ್ಕಪುಸ್ತಕ

ಗುಜರಿಗೆಳೆಯ, ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ಎರಡು ಸಲ ಕಳೆಯಬಾರದು. ಒಂದು ಪದ್ಧತಿಯಲ್ಲಿ ಮರುಬಳಕೆಯ ಲೋಹ ಕೊಂಡವನಿಗೆ ಲಾಭ, ಇನ್ನೊಂದರಲ್ಲಿ ಗುಜರಿಗೆ ಸರಿಯಾಗಿ ಕೊಟ್ಟವನಿಗೆ ಲಾಭ. ಯಾವುದಾದರೂ ಒಂದನ್ನು ಹಿಡಿಯಬೇಕು. ಜಾಣರು ಎರಡು ಪದ್ಧತಿಯಿಂದಲೂ ತಮಗೆ ಬೇಕಾದ್ದನ್ನು ಆರಿಸುತ್ತಾರೆ. ನಾನು ವರದಿ ಪರಿಶೀಲಿಸುವಾಗ ಮೊದಲು ನೋಡುವುದು ಈ ಪುಟವನ್ನೇ. ನಿಮ್ಮ ಮದುವೆಯ ಉಪಮೆಯನ್ನು ಕದ್ದಿಟ್ಟುಕೊಂಡೆ.

#13 ಪಿಸ್ಟನ್‌ಪ್ರಿಯ

ಟೈರನ್ನು ಎಲ್ಲರೂ ಮರೆತಿರಿ. ಇವಿ ತೂಕ ಜಾಸ್ತಿ, ಟೈರು ಬೇಗ ಸವೆಯುತ್ತದೆ, ಆ ಹುಡಿ ಗಾಳಿಗೂ ಚರಂಡಿಗೂ ಸೇರುತ್ತದೆ. ಹೈಡ್ರೋಜನ್ ಕಾರಿನ ಬಗ್ಗೆಯೂ ಯಾರಾದರೂ ಹೇಳಿ. ಅದು ಇದಕ್ಕಿಂತ

#14 ನಿರ್ವಾಹಕ

ಹೈಡ್ರೋಜನ್ ಬಗ್ಗೆ ಬೇರೆ ಚರ್ಚೆ ಇದೆ. ಮೇಲಿನ ಸಾಲಿನ ಉಳಿದ ಭಾಗವನ್ನು ಅಲ್ಲಿಗೆ ಸಾಗಿಸಲಾಗಿದೆ. ಇಲ್ಲಿ ಇವಿ ಮಾತ್ರ, ದಯವಿಟ್ಟು.

#15 ಗಾಳಿಯಂತ್ರ

ಟೈರಿನ ಮಾತು ನಿಜ. ಬ್ರೇಕಿನ ವಿಷಯದಲ್ಲಿ ಉಲ್ಟಾ. ಇವಿ ನಿಧಾನ ಮಾಡುವಾಗ ಮೋಟಾರೇ ಹಿಡಿದು ಕರೆಂಟ್ ವಾಪಸ್ ಮಾಡುತ್ತದೆ, ಬ್ರೇಕ್ ಪ್ಯಾಡಿಗೆ ಕೆಲಸ ಕಡಿಮೆ. ಯುರೋಪಿನ ಯೂರೋ 7 ನಿಯಮ ಮೊದಲ ಸಲ ಬ್ರೇಕಿನ ಹುಡಿಗೂ ಟೈರಿನ ಸವೆತಕ್ಕೂ ಮಿತಿ ಹಾಕಲು ಹೊರಟಿದೆ. ಅದು ಎಲ್ಲ ಕಾರಿಗೂ, ಇವಿಗೂ.

ಪ್ಲಗ್-ಇನ್ ಹೈಬ್ರಿಡ್ (ಎಂಜಿನ್ ಜೊತೆಗೆ ಪ್ಲಗ್ಗಿನಿಂದ ಚಾರ್ಜ್ ಆಗುವ ಬ್ಯಾಟರಿಯೂ ಇರುವ ಕಾರು) ಬಗ್ಗೆ ಯಾರೂ ಕೇಳಲಿಲ್ಲ, ಕೇಳುವ ಮೊದಲೇ ಹೇಳಿಬಿಡುತ್ತೇನೆ. ಯುರೋಪಿಯನ್ ಕಮಿಷನ್ 2024ರಲ್ಲಿ ರಸ್ತೆಯ ಮೇಲಿನ ನಿಜವಾದ ಅಂಕಿ ನೋಡಿದಾಗ, ಪ್ರಯೋಗಾಲಯದ ಅಂಕಿಗಿಂತ ಸರಾಸರಿ 3.5 ಪಟ್ಟು ಹೊಗೆ ಇತ್ತು. ಜನ ಪ್ಲಗ್ ಹಾಕುವುದೇ ಇಲ್ಲ!

#16 ಹಳೇಗಾಡಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ಎರಡೂ ವರದಿಗಳನ್ನು ಮತ್ತೆ ಓದಿದೆ, ಈ ಸಲ ಊಹೆಗಳ ಪುಟದಿಂದ ಶುರು ಮಾಡಿ. ಕಿ.ಮೀ. ಬೇರೆ, ಗ್ರಿಡ್ ಬೇರೆ, ಅದು ಗೊತ್ತಾಯಿತು. ಇನ್ನೊಂದು ಸಿಕ್ಕಿತು: 2013ರವರು ಕಾರು ಕುಡಿಯುವ ಇಂಧನಕ್ಕೆ ಯುರೋಪಿನ ಹಳೆಯ ಲ್ಯಾಬ್ ಪರೀಕ್ಷೆಯ ಅಂಕಿ ಹಿಡಿದಿದ್ದಾರೆ. 2021ರವರು ರಸ್ತೆಯಲ್ಲಿ ನಿಜವಾಗಿ ಕುಡಿಯುವುದನ್ನು ಹಿಡಿದಿದ್ದಾರೆ. ಕೈಚಳಕ ಅಂತ ಅನುಮಾನ ಪಟ್ಟಿದ್ದಕ್ಕೆ ಇಬ್ಬರಿಗೂ ಕ್ಷಮೆ.

ಆಮೇಲೆ ನನ್ನ ಕಾರಿನ ಮೀಟರ್ ನೋಡಿದೆ. ಒಂಬತ್ತು ವರ್ಷಕ್ಕೆ 54,000 ಕಿ.ಮೀ. ವರ್ಷಕ್ಕೆ ಆರು ಸಾವಿರ! ಈ ವೇಗದಲ್ಲಿ 87,000 ಕಿ.ಮೀ. ಆಗಲು ಹದಿನಾಲ್ಕು ವರ್ಷ ದಾಟುತ್ತದೆ.

#17 ಲೆಕ್ಕಪುಸ್ತಕ

ನಿಮ್ಮ ವಿಷಯದಲ್ಲಿ ಅದಕ್ಕಿಂತಲೂ ಜಾಸ್ತಿ. 87,000 ಅನ್ನುವುದು ಹೊಸ ಇವಿಯನ್ನು ಹೊಸ ಪೆಟ್ರೋಲ್ ಕಾರಿನ ಜೊತೆ ಹೋಲಿಸಿದಾಗ. ನಿಮ್ಮ ಹಳೆಯ ಕಾರು ಆಗಲೇ ತಯಾರಾಗಿ ನಿಂತಿದೆ. ಅದನ್ನು ಇಟ್ಟುಕೊಳ್ಳುವುದಾ, ಇವಿ ತರುವುದಾ ಅನ್ನುವುದು ಪ್ರಶ್ನೆಯಾದರೆ ಹೊಸ ಕಾರಿನ ಬಾಡಿಯೂ ಸಾಲಕ್ಕೆ ಸೇರುತ್ತದೆ. ಆ ಬಾಡಿಯ ಪಾಲು 6 ಟನ್ ಅಂತ ಒರಟಾಗಿ ಹಿಡಿದರೆ ಒಟ್ಟು 10 ಟನ್. 46 ಗ್ರಾಂ ಲೆಕ್ಕದಲ್ಲಿ ಎರಡು ಲಕ್ಷ ಕಿ.ಮೀ.ಗೂ ಮೇಲೆ. ನಿಮಗೆ ಅದು ಮೂವತ್ತಾರು ವರ್ಷ.

#18 ಗಾಳಿಯಂತ್ರ

ಅದೇ ಹೊಸ ಇವಿಯನ್ನು ವರ್ಷಕ್ಕೆ 50,000 ಕಿ.ಮೀ. ಓಡಿಸುವ ಟ್ಯಾಕ್ಸಿಯವರಿಗೆ ಕೊಟ್ಟರೆ ನಾಲ್ಕೂವರೆ ವರ್ಷದೊಳಗೆ ಆ ಪೂರ್ತಿ ಹತ್ತು ಟನ್ ತೀರುತ್ತದೆ. ಬಸ್ಸು, ಡೆಲಿವರಿ ವ್ಯಾನು, ಬಾಡಿಗೆ ಸ್ಕೂಟರ್ ಎಲ್ಲಕ್ಕೂ ಇದೇ ಮಾತು. ಬ್ಯಾಟರಿ ಮೊದಲು ಹೋಗಬೇಕಾದದ್ದು ದಿನವಿಡೀ ಓಡುವ ಗಾಡಿಗೆ. ಹೋಗುತ್ತಿರುವುದು ಮಾತ್ರ ಮನೆ ಮುಂದೆ ನಿಲ್ಲುವ ಗಾಡಿಗೂ.

#19 ಹೊಸಬಳು

ನನ್ನ ಸ್ಕೂಟರ್ ದಿನಕ್ಕೆ 40 ಕಿ.ಮೀ. ಓಡುತ್ತದೆ. ಏಳು ತಿಂಗಳೊಳಗೆ ಸಾಲ ತೀರಿತು ಅಂತಾಯಿತು :)

#20 ಹಳೇಗಾಡಿ

ಸರಿ, ನನ್ನ ಹಳೇ ಕಾರಿಗೆ ಸದ್ಯಕ್ಕೆ ಹೊಸ ಟೈರ್ ಹಾಕಿಸುತ್ತೇನೆ. ಮುಂದೆ ಮಾರಿದರೆ?

#21 ಲೆಕ್ಕಪುಸ್ತಕ

ಕೊಳ್ಳುವವರು ವರ್ಷಕ್ಕೆ ಎಷ್ಟು ಕಿ.ಮೀ. ಓಡಿಸುತ್ತಾರೆ, ಈಗ ಏನು ಓಡಿಸುತ್ತಿದ್ದಾರೆ, ಎರಡನ್ನೂ ಕೇಳಿಕೊಂಡು ಬನ್ನಿ. ಹೊಸ ಹಾಳೆ ಶುರು ಮಾಡೋಣ.